ಹೊಟ್ಟೆ ಕಾದವಳ ಹೊಟ್ಟೆಕಿಚ್ಚು

ನಾನು ಒಂದು ಏಪ್ರನ್. ಅಡುಗೆಮನೆಯದಲ್ಲ, ಎಕ್ಸ್‌ರೇ ಕೋಣೆಯದು, ಒಳಗೆಲ್ಲ ಸೀಸ. ಕಾರ್ಖಾನೆಯಲ್ಲಿ ಹೊಲಿದ ಹೆಂಗಸು ನನ್ನನ್ನು ಎತ್ತಿ ಪೆಟ್ಟಿಗೆಗೆ ಹಾಕುವಾಗ, "ಏನ್ ಭಾರ ಐತೆ, ಒರಳುಕಲ್ಲು ಹೊಲಿದಂಗೆ!" ಎಂದು ನಕ್ಕಳು. ಪಕ್ಕದಲ್ಲಿದ್ದ ಡಾಕ್ಟರರ ಬಿಳಿ ಕೋಟುಗಳನ್ನು ನೋಡಿ ಮಾತ್ರ ಯಾರೂ ನಗಲಿಲ್ಲ. ನನ್ನ ಸಂಕಟ ಅಲ್ಲಿಂದಲೇ ಶುರು.

ಹುಬ್ಬಳ್ಳಿಯ ಆಸ್ಪತ್ರೆಯೊಂದರ ತುರ್ತು ವಿಭಾಗಕ್ಕೆ ಬಂದೆ. ಎಕ್ಸ್‌ರೇ ತೆಗೆಯುವ ಕಸ್ತೂರಕ್ಕ ನನ್ನನ್ನು ಗೂಟಕ್ಕೆ ನೇತುಹಾಕಿದಳು. ಕಿರಣ ಹೊಟ್ಟೆಗೆ ತಾಗದಂತೆ ಕಾಯುವುದು ನನ್ನ ಕೆಲಸ. ಹೊಗಳಿಕೆ ಮಾತ್ರ ಸ್ಟೆತಸ್ಕೋಪಿಗೆ! ಅದು ಡಾಕ್ಟರರ ಕೊರಳಲ್ಲಿ ಹೂಮಾಲೆಯಂತೆ ಮೆರೆಯುತ್ತಿತ್ತು. ನನ್ನನ್ನು ಹೊದ್ದವರು "ಯಪ್ಪಾ!" ಎಂದು ಕಿತ್ತು ಬಿಸಾಕಿ ಹೋಗುತ್ತಿದ್ದರು. ನನಗೆ ಹೊಟ್ಟೆಯಿಲ್ಲ, ಹೊಟ್ಟೆಕಿಚ್ಚಂತೂ ಬೇಕಾದಷ್ಟಿತ್ತು.

ಒಂದು ಮಧ್ಯಾಹ್ನ ಅಂಬಿಕಾ ಬಂದಳು. ಹತ್ತೊಂಬತ್ತರ ಹುಡುಗಿ, ಬಿ.ಕಾಂ. ಓದುತ್ತಿದ್ದಳು. ಸ್ಕೂಟಿಯಿಂದ ಬಿದ್ದು ಪಾದ ಊದಿತ್ತು. ಜೊತೆಗೆ ಅವ್ವ. ಡಾಕ್ಟರು ಮಗಳಿಗೆ ಏನು ಕೇಳಿದರೂ ಅವ್ವನದೇ ಉತ್ತರ. ನಮ್ಮ ಕೋಣೆಗೂ ಹಿಂದೆಯೇ ನುಗ್ಗಿದಳು.

"ಅವ್ವಾರ, ನೀವು ಹೊರಗ ಕುಂದರ್ರಿ. ಕಿರಣ ಬಡೀತೈತಿ," ಎಂದಳು ಕಸ್ತೂರಕ್ಕ.

ಡಾಕ್ಟರರ ಮಾತಿಗೂ ಜಗ್ಗದ ಅವ್ವ ಕಿರಣ ಎಂದೊಡನೆ ಹೊರಗೋಡಿದಳು. ಬಾಗಿಲು ಮುಚ್ಚಿತು. ಕಸ್ತೂರಕ್ಕ ನನ್ನನ್ನು ಹುಡುಗಿಯ ಹೊಟ್ಟೆಯ ಮೇಲೆ ಹಾಸಿ, ಎಲ್ಲ ಹೆಣ್ಣುಮಕ್ಕಳಿಗೂ ಕೇಳುವುದನ್ನೇ ಕೇಳಿದಳು: "ಬಸರಿ ಗಿಸರಿ ಇಲ್ಲಲ್ಲವಾ?"

ಅಂಬಿಕಾ ನನ್ನ ಅಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. ಹಾಗೆ ನನ್ನನ್ನು ಯಾರೂ ಹಿಡಿದಿರಲಿಲ್ಲ.

"ಗೊತ್ತಿಲ್ರೀ ಅಕ್ಕಾ. ಮೊನ್ನೆ ಒಂದ್ಸಲ... ಏನೂ ಜ್ವಾಕಿ ಮಾಡಲಿಲ್ಲ. ಹಂಗೇನರ ಆದ್ರ ಮನ್ಯಾಗ ಕಾಲೇಜ್ ಬಿಡಸ್ತಾರ್ರೀ," ಎಂದು ಅತ್ತಳು.

ನಾನು ಬೀಗಿದೆ. ಹೊಟ್ಟೆ ಕಾಯುವುದಕ್ಕೆ ನಾನಿದ್ದೇನಲ್ಲ! ಕಸ್ತೂರಕ್ಕ ನನ್ನ ಕಡೆ ನೋಡಲೂ ಇಲ್ಲ. ಪಾದದ ಎಕ್ಸ್‌ರೇ ಮುಗಿಸಿ, ಹಿಂಬಾಗಿಲಿನಿಂದ ಎಸ್ತರ್ ಸಿಸ್ಟರನ್ನು ಕರೆತಂದಳು.

"ಯಾರರ ಜುಲುಮಿ ಮಾಡಿದ್ರೇನು?" ಎಂದರು ಸಿಸ್ಟರ್.

"ಇಲ್ರೀ. ನನಗೂ ಮನಸ್ಸಿತ್ತು."

"ಹೆದರಬ್ಯಾಡ. ಲಗೂನ ಹೇಳಿದಿ, ಛಲೋ ಆತು. ನಿನಗ ಹದಿನೆಂಟು ದಾಟೇತಿ. ನೀ ಬ್ಯಾಡ ಅಂದ್ರ ನಿಮ್ಮವ್ವಗೂ ನಾ ಹೇಳಂಗಿಲ್ಲ."

ಲೇಡಿ ಡಾಕ್ಟರನ್ನು ಕೇಳಿ ಬಂದು ಅವರು ಕೊಟ್ಟಿದ್ದೇನು? ಒಂದೇ ಒಂದು ಗುಳಿಗೆ! ಅವರೆಕಾಳಿನಷ್ಟೂ ಇರಲಿಲ್ಲ.

"ಇದು ಬಸರ ನಿಲ್ಲದಂಗ ತಡೀತೈತಿ. ವಾಂತಿ ಆದ್ರ ತಿರುಗಿ ಬಾ. ಮುಟ್ಟು ವಾರ ತಡಾ ಆದ್ರ ಪರೀಕ್ಷಾ ಮಾಡೂಣು. ಮುಂದಿಂದಕ್ಕೂ ಉಪಾಯ ಅದಾವ, ನಾಚಿಕಿ ಬಿಟ್ಟು ಬಂದು ಕೇಳು."

ಉರಿದುಹೋದೆ ನಾನು. ಇಷ್ಟು ಭಾರದ ನಾನು ಮೇಲೆ ಸುಮ್ಮನೆ ಬಿದ್ದಿದ್ದೇನೆ, ಆ ಚಿಲ್ಟು ಗುಳಿಗೆ ಸೀದಾ ಒಳಗಿಳಿಯಿತು! ಅತ್ತು ಹಿಡಿದದ್ದು ನನ್ನನ್ನು, ಮುಖ ಅರಳಿದ್ದು ಅದಕ್ಕೆ. ಹೊರಗೆ, ಎಲುಬು ಮುರಿದಿಲ್ಲ ಎಂದು ಕೇಳಿದ ಅವ್ವ, "ದೇವರು ದೊಡ್ಡಾಂವ!" ಎಂದು ಕೈಮುಗಿದಳು. ನೋಡಿ, ಆ ಪುಣ್ಯದಲ್ಲಿ ದೇವರಿಗೂ ಪಾಲು ಸಿಕ್ಕಿತು. ನನಗಿಲ್ಲ.

ಹುಡುಗಿ ಮತ್ತೆ ಅಳುತ್ತ ಬರಲಿಲ್ಲ. ಕಾಲೇಜು ಮುಗಿಸಿದಳಂತೆ, ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತಂತೆ. ಎಸ್ತರ್ ಸಿಸ್ಟರಿಗೆ ಪೇಡೆ ಬಂತು. ಗುಳಿಗೆಗೆ ಎಂಥ ಹೆಸರು!

ನನಗೆ ವಯಸ್ಸಾಯಿತು. ಕಂಡಕಂಡವರು ಮಡಚಿ ಎಸೆದದ್ದಕ್ಕೆ ಒಳಗಿನ ಸೀಸ ಬಿರಿಯಿತು. ಕಸ್ತೂರಕ್ಕ ನನ್ನನ್ನೇ ಕಿರಣದ ಕೆಳಗೆ ಮಲಗಿಸಿ ನೋಡಿ, "ಅಯ್ಯ, ಸೀಳೇತಿ, ಕಿರಣ ತೂರತೈತಿ," ಎಂದು ಮೂಲೆಗೆ ಹಾಕಿದಳು. ನನ್ನ ಗೂಟಕ್ಕೆ ನೀಲಿ ಏಪ್ರನ್ ಬಂತು. ಹಗುರ, ಹೊಳಪು, ಒನಪು. ಅದರ ಮುಖ ಕಂಡರೆ ನನಗಾಗುವುದಿಲ್ಲ.

ಮೊನ್ನೆ ಅಂಬಿಕಾ ಬಂದಳು. ಜಾರಿಬಿದ್ದು ಮುಂಗೈ ಊದಿತ್ತು. ಕಸ್ತೂರಕ್ಕನ ಪ್ರಶ್ನೆ ಅದೇ. ಹುಡುಗಿ ನಕ್ಕಳು.

"ಹೌದ್ರೀ ಅಕ್ಕಾ. ಈ ಸಲ ನಾವ ಬೇಕಂತ."

ಆಮೇಲೆ ಮೂಲೆಯಲ್ಲಿದ್ದ ನನ್ನನ್ನು ನೋಡಿದಳು. "ಆ ಹಳೇದ ಕೊಡ್ರಿ. ಅವತ್ತ ಅದನ್ನ ಹಿಡಕೊಂಡ ನಿಮಗ ಹೇಳಿದ್ದೆ," ಎಂದು ಕೈ ಚಾಚಿದಳು.

ಇಷ್ಟು ವರ್ಷ ಕಾದದ್ದು ಈ ಒಂದು ಮಾತಿಗೆ. ನೀಲಿಯ ಎದುರಿಗೇ ಹೇಳಿದಳು! ಆದರೆ ಆ ಕೈ ಹತ್ತಿರ ಬಂದಾಗ ನನಗೆ ನನ್ನ ಸೀಳು ನೆನಪಾಯಿತು. ಬಾಯಿದ್ದಿದ್ದರೆ ಕಸ್ತೂರಕ್ಕನಿಗಿಂತ ಮೊದಲು ನಾನೇ ಕೂಗುತ್ತಿದ್ದೆ: ಬೇಡ ಮಗಳೇ, ಮುಟ್ಟಬೇಡ, ಆ ನೀಲಿಯದನ್ನೇ ಹೊದ್ದುಕೋ. ಹೊಟ್ಟೆಕಿಚ್ಚು ನನಗಿರಲಿ, ನಿನ್ನ ಹೊಟ್ಟೆ ತಣ್ಣಗಿರಲಿ.