ಟವಲಿನಡಿಯ ಬಾಡಿಗೆ

ಹಿಂದೂಪುರದಲ್ಲಿ ಯಾವ ಮನೆಗೆ ಎಷ್ಟು ಬಾಡಿಗೆ ಎಂಬುದು ಗಂಗುಲಪ್ಪನ ಟವಲಿಗೆ ಗೊತ್ತಿತ್ತು, ಗಂಗುಲಪ್ಪನಿಗೆ ಗೊತ್ತಿತ್ತು, ಮಿಕ್ಕವರಿಗೆ ಅವರವರ ಬಾಡಿಗೆಯಷ್ಟೇ ಗೊತ್ತಿತ್ತು. ಅವನು ಮೊದಲು ಬೆಲ್ಲದ ಮಂಡಿಯಲ್ಲಿ ದಲ್ಲಾಳಿಯಾಗಿದ್ದವನು. ಮಂಡಿಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವಂತಿಲ್ಲ. ಕೈಗಳ ಮೇಲೆ ಟವಲು ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸಬೇಕು. ಊರಾಚೆ ಕಾರ್ಖಾನೆಗಳು ಎದ್ದು, ಗುಮಾಸ್ತರೂ ಮೆಕ್ಯಾನಿಕ್ಕುಗಳೂ ಮನೆ ಹುಡುಕಿಕೊಂಡು ಬಂದಾಗ ಗಂಗುಲಪ್ಪ ಬೆಲ್ಲ ಬಿಟ್ಟು ಮನೆ ಹಿಡಿದ. ಟವಲು ಮಾತ್ರ ಬಿಡಲಿಲ್ಲ.

ಬಸ್ ಸ್ಟ್ಯಾಂಡ್ ಪಕ್ಕದ ಕದಿರಣ್ಣನ ಟೀ ಅಂಗಡಿಯ ಬೆಂಚೇ ಅವನ ಆಫೀಸು. ಒಂದು ಬೆರಳು ಹಿಡಿದರೆ ನೂರು, ಬೆರಳನ್ನು ಅರ್ಧಕ್ಕೆ ಹಿಡಿದರೆ ಐವತ್ತು, ಅಂಗೈಗೆ ಒಮ್ಮೆ ತಟ್ಟಿದರೆ ಹತ್ತು. ಮನೆಯವನ ಕೈ, ಆಮೇಲೆ ಬಾಡಿಗೆದಾರನ ಕೈ, ಆಮೇಲೆ ಮತ್ತೆ ಮನೆಯವನ ಕೈ. ಒಪ್ಪಿದರೆ ಎರಡೂ ಕಡೆಯಿಂದ ಅರ್ಧರ್ಧ ತಿಂಗಳ ಬಾಡಿಗೆ ಅವನಿಗೆ. ಒಂದೇ ವಠಾರದ ನಾಲ್ಕು ಮನೆಗೆ ನಾಲ್ಕು ಬಾಡಿಗೆ ಇರುತ್ತಿತ್ತು, ಮತ್ತು ನಾಲ್ವರೂ ತಮಗೇ ಅಗ್ಗವಾಗಿ ಸಿಕ್ಕಿದೆ ಎಂದುಕೊಂಡು ಪಕ್ಕದವರನ್ನು ಕನಿಕರದಿಂದ ನೋಡುತ್ತಿದ್ದರು. ಹೀಗೆ ಆರು ವರ್ಷದಲ್ಲಿ ಎರಡು ಕೋಣೆ, ಒಂದು ಬಾವಿ ಇರುವ ಮನೆಯ ಬಾಡಿಗೆ ಎಪ್ಪತ್ತರಿಂದ ಇನ್ನೂರೈವತ್ತಕ್ಕೆ ಏರಿತು. ಏರಿಸಿದವನು ತಾನೇ ಎಂಬ ಬಿಗುಮಾನವೂ ಗಂಗುಲಪ್ಪನಿಗೆ ಸ್ವಲ್ಪ ಇತ್ತು.

ಅವನು ಮಾತ್ರ ಇದ್ದದ್ದು ನಲವತ್ತೈದು ರೂಪಾಯಿಯ ಮನೆಯಲ್ಲಿ. ಮುಂದೊಂದು ಬೀದಿ, ಹಿಂದೊಂದು ಬೀದಿ, ಎರಡಕ್ಕೂ ಬಾಗಿಲಿದ್ದ ಉದ್ದನೆಯ ಮನೆ ಅದು. ಮುಂದೆ ಜಗಲಿ, ನಡುಮನೆ, ಕೋಣೆ. ಹಿಂದೆ ಅಡುಗೆಮನೆ, ಇನ್ನೊಂದು ಕೋಣೆ, ಸಿಹಿನೀರಿನ ಬಾವಿ, ಹೆಂಡತಿ ಶಿವಲಕ್ಷ್ಮಮ್ಮ ಹಾಕಿದ ಕರಿಬೇವಿನ ಮರ. ಮನೆಯೊಡತಿ ರಂಗಲಕ್ಷ್ಮಮ್ಮ ಗಂಡ ತೀರಿಕೊಂಡ ಮೇಲೆ ಕಲ್ಯಾಣದುರ್ಗದ ಮಗಳ ಮನೆಗೆ ಹೋಗಿ ಹನ್ನೆರಡು ವರ್ಷವಾಗಿತ್ತು. ತಿಂಗಳ ಮೊದಲ ವಾರ ಅವಳಿಗೆ ನಲವತ್ತೈದು ರೂಪಾಯಿಯ ಮನಿಯಾರ್ಡರ್ ತಪ್ಪದೆ ಹೋಗುತ್ತಿತ್ತು. ಅವಳು ಜಾಸ್ತಿ ಕೇಳಲಿಲ್ಲ. ಊರಿಗೆಲ್ಲ ಧಾರಣೆ ಹೇಳುವ ಗಂಗುಲಪ್ಪ ಅವಳಿಗೆ ಹೇಳಲೂ ಇಲ್ಲ. ಮಗಳನ್ನು ಮದುವೆ ಮಾಡಿಕೊಟ್ಟ ಮೇಲೆ ಇಷ್ಟುದ್ದ ಮನೆಯಲ್ಲಿ ಗಂಡಹೆಂಡತಿ ಇಬ್ಬರೇ. ಒಬ್ಬರನ್ನೊಬ್ಬರು ಊಟಕ್ಕೆ ಕರೆಯಲು ಕೂಗು ಹಾಕಬೇಕಾಗುತ್ತಿತ್ತು.

ಆ ಜೂನ್ ತಿಂಗಳ ಒಂದು ಮಂಗಳವಾರ ಕಲ್ಯಾಣದುರ್ಗದ ಬಸ್ಸಿನಿಂದ ರಂಗಲಕ್ಷ್ಮಮ್ಮ ಇಳಿದಳು. ಕೈಚೀಲ ಹಿಡಿದು ನೇರ ಬೆಂಚಿನ ಹತ್ತಿರ ಬಂದಳು. ಗಂಗುಲಪ್ಪ ಎದ್ದು ನಿಂತ.

“ಏನಪ್ಪಾ ಗಂಗುಲಪ್ಪ, ಚೆಂದಾಗಿದೀಯಾ? ಒಂದ್ ಮಾತು ಕೇಳಾಕ್ ಬಂದೆ. ನಮ್ಮನೆ ಅಂತಾ ಮನೇಗೆ ಈಗ ಈ ಊರಾಗೆ ಬಾಡಿಗೆ ಎಷ್ಟು ನಡೀತೈತೆ?”

ಅಭ್ಯಾಸಬಲದಿಂದ ಗಂಗುಲಪ್ಪನ ಕೈ ಹೆಗಲ ಟವಲಿಗೆ ಹೋಯಿತು. ಅಲ್ಲೇ ನಿಂತಿತು. ಹೆಂಗಸಿನ ಕೈಯನ್ನು ಟವಲಿನಡಿ ಹಿಡಿಯುವುದುಂಟೇ? ಮನೆಯೊಡತಿಯರ ಪರವಾಗಿ ಅಣ್ಣನೋ ತಮ್ಮನೋ ಮಗನೋ ಬಂದು ಕೈ ಕೊಡುತ್ತಿದ್ದರು. ರಂಗಲಕ್ಷ್ಮಮ್ಮನಿಗೆ ಅವರ‍್ಯಾರೂ ಇರಲಿಲ್ಲ. ಬಾಡಿಗೆಯನ್ನು ಬಾಯಲ್ಲೇ ಹೇಳಬೇಕು, ಅದೂ ಅಷ್ಟು ಜನರ ಮುಂದೆ. ಕದಿರಣ್ಣ ಟೀ ಸೋಸುವುದನ್ನು ನಿಲ್ಲಿಸಿದ. ಬೆಂಚಿನ ಮೇಲಿದ್ದ ಮೂವರು ಬೀಡಿ ಕೆಳಗಿಳಿಸಿದರು.

ನಿಜ ಹೇಳಿದರೆ ನಾಳೆಯಿಂದ ತನ್ನ ಬಾಡಿಗೆ ಇನ್ನೂರೈವತ್ತು. ಅಷ್ಟು ಕೊಡುವ ತ್ರಾಣ ಅವನಿಗಿರಲಿಲ್ಲ, ಮನೆ ಬಿಡಬೇಕಾಗುತ್ತಿತ್ತು. ನಲವತ್ತೈದೇ ಎಂದರೆ ಎಳೆಗೂಸೂ ನಂಬುವುದಿಲ್ಲ.

“ಎಂಬತ್ತು ಕಣಕ್ಕಯ್ಯ,” ಎಂದ. “ಬೋ ಚೆಂದಾಗಿದ್ರೆ ಎಂಬತ್ತು.”

ಕದಿರಣ್ಣ ಸೋಸುಬಟ್ಟೆ ಹಿಡಿದುಕೊಂಡೇ ತೆಲುಗಿನಲ್ಲಿ “ಎನಭೈಯೇನಾ?” ಎಂದ, ಎಂಬತ್ತೇನಾ ಎಂದು. ಅವನು ಶೀಟಿನ ಒಂದು ಕೋಣೆಗೆ ನೂರಾ ಅರವತ್ತು ಕಟ್ಟುತ್ತಿದ್ದ. ಆ ಬೆರಳು ಹಿಡಿದವನು ಗಂಗುಲಪ್ಪನೇ.

ರಂಗಲಕ್ಷ್ಮಮ್ಮನ ಮುಖ ಅರಳಿತು. “ಅಷ್ಟೇನಾ? ಹಂಗಾರೆ ಬಾಳ ಒಳ್ಳೇದಾಯ್ತು ಬಿಡು. ನಮ್ಮ ಮೊಮ್ಮಗಳಿಗೆ ಇಲ್ಲಿ ಕಾಲೇಜಿನಾಗೆ ಇಂಟರ್‌ಗೆ ಸೀಟು ಸಿಕ್ಕೈತೆ. ಎರಡು ವರ್ಷ ನಾನೂ ಅವಳ ಜೊತೆ ಇರ‍್ಬೇಕು. ನಿಮ್ಮನ್ನ ಬಿಡಿಸಾಕೆ ನಂಗೆ ಮನಸಿಲ್ಲ ಕಣಪ್ಪ, ನೀವು ಹಾಲುಕ್ಕಿಸಿ ಬಾಳ್ತಾ ಇರೋ ಮನೆ. ಅದ್ಕೆ ಅಂತಾದ್ದೇ ಇನ್ನೊಂದು ನೋಡ್ಕೊಡು, ಎಂಬತ್ತಕ್ಕೆ. ಪರಿಗಿಯಾಗೆ ತಂಗಿ ಮನೇಗೆ ಹೋಗಿ ಶುಕ್ರವಾರ ಬತ್ತೀನಿ. ಅವತ್ತೇ ಹಾಲುಕ್ಕಿಸ್ಬೇಕು, ಭಾನುವಾರದಿಂದ ಆಷಾಢ.”

ಅವಳು ಪರಿಗಿ ಬಸ್ಸು ಹತ್ತಿ ಹೋದಳು. ಗಂಗುಲಪ್ಪ ಅವಳು ಬಾಡಿಗೆ ಏರಿಸಲು ಬಂದಳೆಂದು ಹೆದರಿ ಸುಳ್ಳು ಹೇಳಿದ್ದ. ಅವಳು ಬಂದದ್ದು ಅವನನ್ನು ಎಬ್ಬಿಸದಿರುವ ದಾರಿ ಹುಡುಕಿಕೊಂಡು.

ಬುಧವಾರ ಬೆಳಗ್ಗೆಯಿಂದಲೇ ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗಿದ. ಆಷಾಢದಲ್ಲಿ ಯಾರೂ ಮನೆ ಬದಲಿಸುವುದಿಲ್ಲ, ಖಾಲಿ ಮನೆಯ ಮಾಲೀಕರು ಕೊನೇ ಗಳಿಗೆಯಲ್ಲಿ ಬಗ್ಗಿಯಾರು ಎಂಬ ಆಸೆ. ಯಾರೂ ಬಗ್ಗಲಿಲ್ಲ. ಟವಲಿನಡಿ ಎಲ್ಲ ಕೈಗಳೂ ಎರಡು ಬೆರಳು ಹಿಡಿದು ಮೇಲೊಂದೆರಡು ಸಲ ತಟ್ಟಿದವು. ಒಂದು ತಿಂಗಳು ಬೀಗ ಹಾಕಿಟ್ಟರೂ ಸರಿ, ಶ್ರಾವಣಕ್ಕೆ ಇನ್ನೂ ಹತ್ತು ಹೆಚ್ಚಿಗೆ ಬರುತ್ತದೆ ಎಂದು ಅವರಿಗೆ ಕಲಿಸಿದವನೂ ಅವನೇ.

ಆರು ಮನೆ ಬಾಡಿಗೆಗೆ ಕೊಟ್ಟಿದ್ದ ಓಬುಳಪತಿ ಕೈ ಕೊಡಲೇ ಇಲ್ಲ. “ಏನಯ್ಯಾ, ಬಸ್ ಸ್ಟ್ಯಾಂಡ್‌ನಾಗೆ ಎಂಬತ್ತು ಅಂತ ಹೇಳ್ಬುಟ್ಟೆಯಂತೆ? ನಮ್ ಬಾಡಿಗೆಯೋರೆಲ್ಲ ಬಂದು ಮುತ್ಕೊಂಡವ್ರೆ. ನಿನ್ನ ಬೆಳ್ಳು ನಂಬೋದಾ, ನಿನ್ನ ಬಾಯಿ ನಂಬೋದಾ?” ಎಂದು ಬಾಗಿಲು ಹಾಕಿಕೊಂಡ.

ಬೆಂಚಿಗೆ ವಾಪಸು ಬಂದರೆ ಕದಿರಣ್ಣ ಸಕ್ಕರೆಯಿಲ್ಲದ ಟೀ ಕೊಟ್ಟ. ಕೇಳಿದರೆ, “ಎಂಬತ್ತು ರೂಪಾಯಿ ಊರಾಗೆ ಸಕ್ಕರೆ ಹಾಕಾಕೆ ಆಗ್ತದಾ?” ಎಂದ. ಗಂಗುಲಪ್ಪ ಅದನ್ನೇ ಕುಡಿದ.

ಗುರುವಾರ ಊಟಕ್ಕೆ ಕೂತಾಗ ಹೆಂಡತಿಯ ಮುಂದೆ ಎಲ್ಲ ಬಿಚ್ಚಿಟ್ಟ. ಶಿವಲಕ್ಷ್ಮಮ್ಮ ಮುದ್ದೆ ಮುರಿಯುತ್ತ ಕೇಳಿಸಿಕೊಂಡಳು, ಆಮೇಲೆ ನಗಲು ಶುರುಮಾಡಿದಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

“ಎಂಬತ್ತಕ್ಕಿಂತ ಕಮ್ಮಿ ಮನೆ ಈ ಊರಾಗೆ ಒಂದೇ ಒಂದು ಐತೆ,” ಎಂದಳು. “ಅದ್ರಾಗೆ ನಾವೇ ಕುಂತು ಮುದ್ದೆ ಉಣ್ತಾ ಇದೀವಿ.”

“ನಗಬ್ಯಾಡ ಸುಮ್ಕಿರು. ಎಂಬತ್ತರ ಮೇಲಿನ ದುಡ್ಡು ನಾನೇ ಹಾಕಿ ಕೊಡಿಸ್ಲಾ ಅಂತ ನೋಡ್ದೆ. ಆಗಾಕಿಲ್ಲ.”

“ಆಗೋದೂ ಬ್ಯಾಡ. ಇನ್ನೊಂದು ಸುಳ್ಳಿಗೆ ತಿಂಗಳು ತಿಂಗಳು ಬಾಡಿಗೆ ಕಟ್ತೀರಾ? ಆಯಮ್ಮನ ಎದುರು ಕುಂತು ಹೇಳ್ಬುಡಿ. ಬಿಡು ಅಂದ್ರೆ ಬಿಡೋಣ.” ಅಷ್ಟು ಹೇಳುವಾಗ ಅವಳ ನಗು ಹೋಗಿತ್ತು. ಅವಳ ಕಣ್ಣು ಹಿತ್ತಲಿನ ಕರಿಬೇವಿನ ಮರದ ಕಡೆ ತಿರುಗಿದ್ದು ಗಂಗುಲಪ್ಪನಿಗೆ ಕಾಣಿಸಿತು. ಅವನಿಗೆ ನಾಚಿಕೆಯೂ ದುಃಖವೂ ಒಟ್ಟಿಗೇ ಆದವು.

ಶುಕ್ರವಾರ ಬೆಳಗ್ಗೆ ರಂಗಲಕ್ಷ್ಮಮ್ಮ ಮನೆಗೇ ಬಂದಳು. ಹಾಲುಕ್ಕಿಸಲು ಹೊಸ ಪಾತ್ರೆ ಕೊಂಡು, ಕದಿರಣ್ಣನ ಕೈಲಿ ಹಾಲು ಹೊರಿಸಿಕೊಂಡು ಬಂದಳು. ಕದಿರಣ್ಣ ಹಾಲು ಕೊಟ್ಟು ಹೋಗಬಹುದಿತ್ತು, ಹೋಗಲಿಲ್ಲ. ಜಗಲಿಯ ಕಂಬಕ್ಕೆ ಒರಗಿ ನಿಂತ.

“ಎಲ್ಲಪ್ಪ ಮನೆ?” ಎಂದಳು ರಂಗಲಕ್ಷ್ಮಮ್ಮ.

“ಇಲ್ಲ ಅಕ್ಕಯ್ಯ. ಎಂಬತ್ತಕ್ಕೆ ಮನೆ ಇಲ್ಲ. ನಾನು ಸುಳ್ಳು ಹೇಳ್ದೆ. ನೀವು ನಮ್ಮ ಬಾಡಿಗೆ ಏರಿಸಾಕೆ ಬಂದ್ರಿ ಅಂದ್ಕೊಂಡೆ.”

ಅವಳು ಪಾತ್ರೆಯನ್ನು ಜಗಲಿಯ ಮೇಲಿಟ್ಟು ಕೂತಳು. “ನಿಜವಾಗ್ಲೂ ಎಷ್ಟು ನಡೀತೈತೆ?”

ಗಂಗುಲಪ್ಪನ ಕೈ ಮತ್ತೆ ಹೆಗಲಿಗೆ ಹೋಯಿತು. ಶಿವಲಕ್ಷ್ಮಮ್ಮ ಹಿಂದಿನಿಂದ ಬಂದು ಟವಲನ್ನು ಎಳೆದುಕೊಂಡು ಒಳಗೆ ಹೋದಳು. ಬರಿ ಹೆಗಲಲ್ಲಿ ನಿಂತ ಗಂಗುಲಪ್ಪನಿಗೆ ಬೀದಿಯಲ್ಲಿ ಅಂಗಿ ಕಳಚಿದಂತಾಯಿತು.

“ಇನ್ನೂರೈವತ್ತು,” ಎಂದ.

ರಂಗಲಕ್ಷ್ಮಮ್ಮ ಹೊಸ ಪಾತ್ರೆಯನ್ನು ಪಕ್ಕಕ್ಕೆ ಸರಿಸಿದಳು. “ಬೇಜಾರಾಯ್ತು ಕಣಪ್ಪ,” ಎಂದಳು. “ದುಡ್ಡಿಗಲ್ಲ. ಹಿಂದೂಪುರ ಅಂದ್ರೆ ಅಗ್ಗದ ಊರು, ನಮ್ಮ ಗಂಗುಲಪ್ಪ ಒಂದು ತಿಂಗಳೂ ತಪ್ಪಿಸಲ್ಲ ಅಂತ ಕಲ್ಯಾಣದುರ್ಗದಾಗೆ ಎಲ್ಲರ ಹತ್ರ ಹೇಳ್ಕಂಡು ತಿರುಗ್ತಿದ್ದೆ. ನಂಗೆ ಹೇಳಿದ್ರೆ ನಾನು ಎತ್ತಿ ಬೀದಿಗೆ ಹಾಕ್ತಿದ್ನಾ?”

“ಇಲ್ಲ ಅಕ್ಕಯ್ಯ.”

“ಮತ್ತೆ?”

ಗಂಗುಲಪ್ಪ ತಲೆ ತಗ್ಗಿಸಿ, “ಭಾನುವಾರದೊಳಗೆ ಖಾಲಿ ಮಾಡ್ತೀವಿ. ಈ ಮನೇಲಿ ನೀವೇ ಹಾಲುಕ್ಕಿಸ್ಕಳಿ,” ಎಂದ.

ರಂಗಲಕ್ಷ್ಮಮ್ಮ ಎದ್ದು ಒಳಗೆ ಹೋದಳು. ನಡುಮನೆ, ಕೋಣೆ, ಅಡುಗೆಮನೆ, ಹಿತ್ತಲು ಎಲ್ಲ ನೋಡಿದಳು. ಬಾವಿಯಲ್ಲಿ ಇಣುಕಿದಳು. ಕರಿಬೇವಿನ ಒಂದು ಎಸಳು ಕಿತ್ತು ಮೂಸಿಕೊಂಡು ವಾಪಸು ಬಂದಳು.

“ಇಷ್ಟುದ್ದ ಮನೆ ನಂಗೂ ನಮ್ಮ ಹುಡುಗಿಗೂ ಯಾತಕ್ಕೆ? ಗುಡ್ಸಿ ಗುಡ್ಸಿ ಸೊಂಟ ಬಿದ್ದೋಯ್ತದೆ. ನಡುವಿನ ಬಾಗಿಲು ಹಾಕಿದ್ರೆ ಎರಡು ಮನೆ. ಮುಂದ್ಲುದು ನಂಗೆ, ಹಿಂದ್ಲುದು ನಿಮ್ಗೆ, ಬಾವಿ ಇಬ್ಬರಿಗೂ. ಕೋಣೇಲಿ ಒಲೆ ಇಟ್ಕಂತೀನಿ. ಬಾಡಿಗೆ ಎಷ್ಟು ಅಂತ ನೀನೇ ಹೇಳು. ಬಾಯಲ್ಲಿ ಹೇಳು.”

ಗಂಗುಲಪ್ಪ ಗಂಟಲು ಸರಿಮಾಡಿಕೊಂಡ. ಅಷ್ಟು ವರ್ಷ ಬೆರಳಲ್ಲಿ ಹೇಳಿದ್ದನ್ನು ಬಾಯಲ್ಲಿ ಹೇಳಲು ಹೊರಟರೆ ದನಿ ತಾನಾಗಿಯೇ ಏರುತ್ತದೆಂದು ಅವನಿಗೆ ತಿಳಿದಿರಲಿಲ್ಲ.

“ನೂರಿಪ್ಪತ್ತೈದು,” ಎಂದ. ಎದುರು ಮನೆಯ ಕಿಟಕಿ ತೆರೆಯಿತು.

“ಸರೇ,” ಎಂದಳು ರಂಗಲಕ್ಷ್ಮಮ್ಮ.

ಕೋಣೆಯಲ್ಲಿ ಸೀಮೆಎಣ್ಣೆ ಸ್ಟೌ ಹಚ್ಚಿ ಹಾಲಿಟ್ಟರು. ಶಿವಲಕ್ಷ್ಮಮ್ಮ ಆ ಟವಲನ್ನೇ ಮಡಚಿ ಪಾತ್ರೆ ಇಳಿಸುವುದಕ್ಕೆ ಪಕ್ಕದಲ್ಲಿಟ್ಟುಕೊಂಡಳು. ಹಾಲು ಉಕ್ಕಿ ಸುರಿಯಿತು, ಟವಲು ಒದ್ದೆಯಾಯಿತು.

ಕಂಬದ ಹತ್ತಿರ ಕಾದು ನಿಂತಿದ್ದ ಕದಿರಣ್ಣ ಆಗ ಕೇಳಿದ, “ಎಲ್ಲ ಸರಿ ಗಂಗುಲಪ್ಪ. ಈಗ ನಮ್ಮ ಶೀಟಿನ ಮನೇದು ಹೇಳು.”

ಗಂಗುಲಪ್ಪ ಹೆಗಲು ಮುಟ್ಟಿ ನೋಡಿಕೊಂಡ. ಅಲ್ಲಿ ಏನೂ ಇರಲಿಲ್ಲ.

“ತೊಂಬತ್ತು ಕಣಣ್ಣ,” ಎಂದ, ಬೀದಿಗೆಲ್ಲ ಕೇಳುವಂತೆ. “ತೊಂಬತ್ತಕ್ಕಿಂತ ಒಂದು ಪೈಸೆ ಜಾಸ್ತಿ ಕೊಡ್ಬ್ಯಾಡ.”