ಸಹಿ ಬಿದ್ದರೆ ವಾಪಸಿಲ್ಲ

೧
ಈ ಕಥೆಯನ್ನು ಒಕಾಯಾಮಾ ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ಶುರು ಮಾಡಲೋ, ಹಿಂದಿನ ದಿನದ ಅವಾಂತರದಿಂದ ಶುರು ಮಾಡಲೋ? ಪ್ರಯಾಣದ ಕಥೆಯನ್ನು ಎಲ್ಲರೂ ಪ್ಲಾಟ್‌ಫಾರಂ ಮೇಲೆಯೇ ಶುರು ಮಾಡುತ್ತಾರೆ. ನಾನೂ ಅಲ್ಲೇ ಮಾಡುತ್ತೇನೆ. ನನ್ನ ಕೈಯಲ್ಲಿ ಅದು ಚೆನ್ನಾಗಿಯೇ ಬರುತ್ತದೆ, ನೋಡುತ್ತಿರಿ.

ಕಾದಂಬರಿಗಾರ್ತಿ ಕುರಾತಾ ಮಿಚಿಯೆ ಯಾಸುಗಿ ಊರಿಗೆ ಹೋಗುವ ರೈಲಿಗೆ ಕಾಯುತ್ತಿದ್ದಳು. ಹೊಸ ಪುಸ್ತಕ ಹಿಡಿದು ಅಂಗಡಿ ಅಂಗಡಿ ಸುತ್ತುವ ಪ್ರವಾಸದ ಇನ್ನೊಂದು ಸುತ್ತು ಇದು. ಪಕ್ಕದಲ್ಲಿ ಕುಸಾನೋ, ಪ್ರಕಾಶಕರ ಕಡೆಯವಳು. ಐವತ್ತು ದಾಟಿದರೂ ನಾಲಿಗೆಯ ಚುರುಕು ಇಳಿಯದ ಹೆಂಗಸು. ಬರಿಗೈಯಲ್ಲಿ ಯಾರ ಅಂಗಡಿಗೂ ಹೋಗುವ ಹಾಗಿಲ್ಲವೆಂದು ದಾಂಗೊ ಸಿಹಿಯ ಡಬ್ಬಿ ಹಿಡಿದಿದ್ದಳು.

"ಮೇಡಂ, ಇವತ್ತು ನಾನು ಹೇಳೋ ತನಕ ಪೆನ್ನಿನ ಮುಚ್ಚಳ ತೆಗೀಬೇಡಿ."

"ಅಯ್ಯೋ, ನಿನ್ನೆದು ನಿನ್ನೆಗೆ ಮುಗೀತಲ್ಲ!"

"ನಿಮಗೆ ಮುಗೀತು. ಆ ಅಂಗಡಿಯವರಿಗೆ ಈಗ ಶುರುವಾಗಿದೆ."

೨
(ನೋಡಿ, ಹಿಂದಿನ ದಿನಕ್ಕೆ ಹೋಗಲೇಬೇಕಾಯಿತು. ಪ್ಲಾಟ್‌ಫಾರಂ ವ್ಯರ್ಥ. ಇರಲಿ, ಹೊಡೆದು ಹಾಕುವುದಿಲ್ಲ.)

ಆದದ್ದಿಷ್ಟು. ಓಣಿಯೊಳಗಿನ ಪುಟ್ಟ ಪುಸ್ತಕದಂಗಡಿಯಲ್ಲಿ ತನ್ನ ಪುಸ್ತಕದ ರಾಶಿ ಕಂಡದ್ದೇ ತಡ, ಮಿಚಿಯೆ ಹಿಗ್ಗಿ ಹೀರೇಕಾಯಿಯಾದಳು. ಮಾಲೀಕ ಒಳಗಿನಿಂದ ಚಹಾ ತರುವಷ್ಟರಲ್ಲಿ ಯಾರನ್ನೂ ಕೇಳದೆ ಅಷ್ಟಕ್ಕೂ ಸಹಿ ಗೀಚಿಬಿಟ್ಟಿದ್ದಳು. ನಮ್ಮಲ್ಲಿ ಮಾರಾಟವಾಗದ ಪುಸ್ತಕ ಪ್ರಕಾಶಕರಿಗೆ ವಾಪಸ್ ಹೋಗುತ್ತದೆ. ಸಹಿ ಬಿದ್ದರೆ ಮಾತ್ರ ಅದು ಕಲೆ ಬಿದ್ದ ಸರಕು, ಯಾರೂ ಮುಟ್ಟುವುದಿಲ್ಲ. ಅಂಗಡಿಯವನ ಕೊರಳಿಗೇ ಗಂಟು. ಪಾಪ, ಆತ ಸೊಂಟ ಬಗ್ಗಿಸಿ, "ತುಂಬಾ ಉಪಕಾರವಾಯ್ತು" ಎಂದ. ಹಸಿ ಮಸಿ ಎದುರು ಪುಟಕ್ಕೆ ಅಂಟದಂತೆ ಸಹಿಯ ಮೇಲೆ ಒಂದೊಂದು ತೆಳು ಕಾಗದದ ಚೀಟಿ ಇಡುವುದು ರೂಢಿ. ಆತ ಚೀಟಿ ಕತ್ತರಿಸಿಟ್ಟಿರಲಿಲ್ಲ, ಸಹಿ ಬೇಕಿದ್ದರೆ ತಾನೆ! ಪೊಟ್ಟಣದ ಕಾಗದ ಹರಿದು ಹರಿದು ಇಟ್ಟ.

೩
ಈಗ ಕಥೆಯ ಹೊಟ್ಟೆಯೊಳಗಿನ ಮಾತು. ಇವತ್ತು ಹೋಗುತ್ತಿರುವ ಯಾಸುಗಿಯ ಪುಸ್ತಕದಂಗಡಿ ಮಿಚಿಯೆಯ ಅಕ್ಕ ಫುಸಾಕೊಳದು, ಅಪ್ಪನಿಂದ ಬಂದದ್ದು. ಕಾದಂಬರಿಯಲ್ಲೂ ಒಬ್ಬಳು ಅಕ್ಕ ಇದ್ದಾಳೆ. ಅಪ್ಪನನ್ನು ಸುಟ್ಟ ದಿನ ಕಣ್ಣಲ್ಲಿ ಒಂದು ಹನಿ ಇಲ್ಲದೆ, ಬಂದವರಿಗೆಂದು ತರಿಸಿದ ಊಟದ ಡಬ್ಬಿಯಲ್ಲಿ ಉಪ್ಪು ಹಾಕಿದ ಪ್ಲಮ್ ಇಲ್ಲವೆಂದು ಡಬ್ಬಿ ತಂದವನ ಜೊತೆ ಜಗಳಕ್ಕೆ ನಿಲ್ಲುತ್ತಾಳೆ. ಓದುಗರು ಬಿದ್ದು ಬಿದ್ದು ನಗುವ ಪುಟ ಅದು. ಪುಸ್ತಕ ಬಂದಂದಿನಿಂದ ಫುಸಾಕೊ ತಂಗಿಯ ಫೋನ್ ಎತ್ತಿಲ್ಲ. ಆದರೂ ಪುಸ್ತಕ ತರಿಸಿಕೊಂಡಿದ್ದಾಳೆ, ರಾಶಿಗಟ್ಟಲೆ! ಮಾರುವುದಕ್ಕೋ, ಮುಖಕ್ಕೆ ಹೊಡೆದ ಹಾಗೆ ವಾಪಸ್ ಕಳಿಸುವುದಕ್ಕೋ?

ಮಿಚಿಯೆಗೆ ಬೇಕಿದ್ದದ್ದು ಒಂದೇ: ಅಕ್ಕ "ಸಹಿ ಹಾಕು" ಅನ್ನಬೇಕು. ಹಾಗಂದರೆ ಪುಸ್ತಕ ಆ ಮನೆಯದೇ ಆದ ಹಾಗೆ.

ಮೊದಲ ಕರಡು: ಅಕ್ಕ ಓಡಿ ಬಂದು ತಬ್ಬಿಕೊಂಡು ಅಳುತ್ತಾಳೆ.

"ನಮ್ಮಕ್ಕ ತಬ್ಕೊಳ್ತಾಳಾ?" ಮಿಚಿಯೆ ರೈಲಿನ ಸೀಟಿನಿಂದಲೇ ನನ್ನನ್ನು ತರಾಟೆಗೆ ತೆಗೆದುಕೊಂಡಳು. "ನಾವು ಹುಟ್ಟಿದಾಗಿಂದ ಒಬ್ಬರನ್ನೊಬ್ಬರು ಮುಟ್ಟಿಲ್ಲ ಮಾರಾಯ. ಅಲ್ಲಾ, ನನ್ನ ಕತೆ ಬರೀತಿದ್ದೀಯಲ್ಲ, ನನ್ನ ಒಂದು ಮಾತು ಕೇಳಿದ್ಯಾ?"

"ನೀನು ನಿಮ್ಮಕ್ಕನ್ನ ಕೇಳಿದ್ಯಾ?"

ಅವಳು ಕಿಟಕಿಯ ಕಡೆ ತಿರುಗಿದಳು. ನಾನು ಕರಡು ಹರಿದೆ.

೪
ಅಂಗಡಿಯಲ್ಲಿ ಫುಸಾಕೊ ಏಣಿಯ ಮೇಲಿದ್ದಳು. ಇಳಿಯಲಿಲ್ಲ.

"ಬಂದ್ಯಾ."

"ಬಂದೆ ಅಕ್ಕ."

ಕುಸಾನೋ ಸಿಹಿಯ ಡಬ್ಬಿ ಮುಂದೆ ಚಾಚಿ ಎಷ್ಟು ಬಗ್ಗಬಹುದೋ ಅಷ್ಟು ಬಗ್ಗಿದಳು. ಅಕ್ಕ ಅತ್ತ ನೋಡಲಿಲ್ಲ.

"ಮಿಚಿ, ಅವತ್ತು ಆ ಡಬ್ಬಿಯವನ ಹತ್ರ ನಾನ್ಯಾಕೆ ಜಗಳ ಆಡ್ದೆ ಹೇಳು."

"ಪ್ಲಮ್ ಇರ್ಲಿಲ್ಲ ಅಂತ."

"ಯಾರ ಡಬ್ಬೀಲಿ?"

ಮಿಚಿಯೆ ಏಣಿಯ ಮೇಲಿನ ಅಕ್ಕನ ಕಡೆ ಕತ್ತೆತ್ತಿದಳು.

"ಅಪ್ಪನ ಫೋಟೋ ಮುಂದೆ ಇಟ್ಟಿದ್ರಲ್ಲ, ಅವನ ಪಾಲಿಂದು, ಅದರಲ್ಲಿ. ಅದಿಲ್ಲದೆ ಅವನಿಗೆ ಅನ್ನ ಇಳೀತಿತ್ತಾ? ಕಡೇ ಊಟಾನೂ ಹಾಗೇ ಕಳಿಸ್ಬೇಕಿತ್ತಾ? ನೀನು ಬಾಗಿಲಲ್ಲಿ ಬಂದೋರಿಗೆ ಬಗ್ತಾ ನಿಂತಿದ್ದೆ. ಅಲ್ಲಿಂದ ನಿಂಗೆ ಕಂಡಿದ್ದಷ್ಟನ್ನ ಬರ್ದೆ."

(ಇದು ನನಗೂ ಗೊತ್ತಿರಲಿಲ್ಲ. ಆಣೆ ಮಾಡಿ ಹೇಳುತ್ತೇನೆ. ಮೂರನೆಯ ಭಾಗದಲ್ಲಿ ನಾನೂ ನಿಮ್ಮನ್ನು ನಗಿಸಲು ನೋಡಿದೆನಲ್ಲ.)

"ಹೇಳಿದ್ರೆ ತಿದ್ತಿದ್ದೆ ಅಕ್ಕ."

"ಕೇಳಿದ್ರೆ ಹೇಳ್ತಿದ್ದೆ."

೫
ಮುಗಿಸುವುದು ಹೇಗೆ? ಅಕ್ಕ ರಾಶಿಯನ್ನೆಲ್ಲ ಪೆಟ್ಟಿಗೆಗೆ ತುಂಬಿ ವಾಪಸ್ ಕಳಿಸುತ್ತಾಳೆ, ಆ ಸಿಹಿಯನ್ನು ಕುಸಾನೋ ರೈಲಿನಲ್ಲಿ ಒಬ್ಬಳೇ ತಿನ್ನುತ್ತಾಳೆ: ಇದೊಂದು. ಇಬ್ಬರೂ ಅಪ್ಪನ ಫೋಟೋ ಮುಂದೆ ಕೂತು ಪ್ಲಮ್ ತಿನ್ನುತ್ತಾರೆ: ಇನ್ನೊಂದು. (ಥೂ, ಇದು ಟೀವಿಗೆ.)

"ಸಹಿ ಹಾಕ್ಲಾ ಅಕ್ಕ?" ಎಂದು ಮಿಚಿಯೆ ಕೇಳಿದಳು. ಈ ಪ್ರವಾಸದಲ್ಲಿ ಅವಳು ಕೇಳಿದ್ದು ಇದೇ ಮೊದಲು.

"ಹಾಕಿದ್ರೆ ವಾಪಸ್ ಹೋಗಲ್ಲ."

"ಗೊತ್ತು."

ಫುಸಾಕೊ ಏಣಿ ಇಳಿದು ಚಹಾ ಮಾಡಲು ಒಳಗೆ ಹೋದಳು.

ಕುಸಾನೋ ಮಿಚಿಯೆಯ ತೋಳು ಜಗ್ಗಿದಳು. ಪುಸ್ತಕದ ರಾಶಿಯ ಪಕ್ಕದಲ್ಲಿ ಒಂದು ಕಲ್ಲು, ಅದರಡಿ ತೆಳು ಕಾಗದದ ಚೀಟಿಗಳು, ಪುಟದ ಅಳತೆಗೆ ಒಪ್ಪವಾಗಿ ಕತ್ತರಿಸಿದವು. ಅವು ಇವತ್ತಿನವಲ್ಲ. ಕಿಟಕಿಯ ಬಿಸಿಲಿಗೆ ಮೇಲಿನ ಚೀಟಿಗಳ ಅಂಚು ಹಳದಿಗಟ್ಟಿ ಸುರುಳಿಯಾಗಿತ್ತು. ಪುಸ್ತಕ ಬಂದ ಹೊಸದರಲ್ಲೇ ಯಾರೋ ಕೂತು ಕತ್ತರಿಸಿಟ್ಟು ಕಾದಿದ್ದರು.

ಮಿಚಿಯೆ ಪೆನ್ನಿನ ಮುಚ್ಚಳ ತೆಗೆದಳು. ಒಳಗಿನಿಂದ ಫುಸಾಕೊ ಚಹಾದ ತಟ್ಟೆ ಹಿಡಿದು ಬಂದು, ತಂಗಿಯ ಕೈಯಲ್ಲಿದ್ದ ಪೆನ್ನು ನೋಡಿ ನಿಂತಳು. ನಾನು ಅವಳ ಮುಖವನ್ನು ಚೆನ್ನಾಗಿ ನೋಡಿದೆ, ವಾಕ್ಯವನ್ನೂ ಶುರು ಮಾಡಿದೆ.

"ಸಾಕು ಮಾರಾಯ," ಎಂದಳು ಮಿಚಿಯೆ, ನನ್ನ ಕಡೆ ತಿರುಗದೆ. "ನೀನೂ ಬಾಗಿಲಲ್ಲೇ ನಿಂತಿದ್ದೀಯ."