ನರಸಾಪುರದಿಂದ ಹಿಂದಕ್ಕೆ

ಪ್ರೇಮಕ್ಕನೂ ತಾಹೇರಾಳೂ ಸೈಕಲ್ ಹತ್ತಿದ್ದು ಒಂದು ಬಸ್ ಮುಷ್ಕರದ ವಾರದಲ್ಲಿ. ಇಬ್ಬರಿಗೂ ಕೆ.ಆರ್. ಪುರದ ಹತ್ತಿರದ ಟೆಲಿಫೋನ್ ಬಿಡಿಭಾಗಗಳ ಕಾರ್ಖಾನೆಯಲ್ಲಿ ಕೆಲಸ, ಕೂರುವುದು ಒಂದೇ ಬೆಂಚು. ಮುಷ್ಕರ ನಾಲ್ಕು ದಿನಕ್ಕೆ ಮುಗಿಯಿತು. ಸೈಕಲ್ ಒಂಬತ್ತು ವರ್ಷ ನಡೆಯಿತು. ತಾಹೇರಾ ಶಿವಾಜಿನಗರದಿಂದ ಬರುವಳು. ಹಲಸೂರು ಕೆರೆಯ ಮೂಲೆಯಲ್ಲಿ ಪ್ರೇಮಕ್ಕ ಒಂದು ಕಾಲು ನೆಲಕ್ಕೂರಿ ನಿಂತಿರುವಳು. ಅಲ್ಲಿಂದ ಹಳೇ ಮದ್ರಾಸು ರಸ್ತೆ ಹಿಡಿದರೆ ಕಾರ್ಖಾನೆಯ ಗೇಟಿನವರೆಗೂ ಮಾತೇ ಮಾತು. ಮಕ್ಕಳ ಜ್ವರ, ತಾಹೇರಾಳ ಗಂಡ ಮುಕ್ತಾರನ ಚಪ್ಪಲಿ ಅಂಗಡಿಯ ತಾಪತ್ರಯ, ಪ್ರೇಮಕ್ಕನ ಗಂಡ ಶೇಖರಪ್ಪ ಮನೆಯಲ್ಲಿ ಬಾಯೇ ಬಿಡದ ಸಂಗತಿ, ಎಲ್ಲವೂ ಆ ರಸ್ತೆಯಲ್ಲಿ ಹರಿದುಹೋಗಿತ್ತು.

ಸೋಮವಾರ ಬೆಳಿಗ್ಗೆ ಗೇಟು ಹತ್ತಿರವಾದಾಗಲೆಲ್ಲ ತಾಹೇರಾ ಹೇಳುವಳು: “ಇವತ್ತು ಒಳಗೆ ತಿರುಗೋದೇ ಬೇಡ ಪ್ರೇಮಾ. ಸೀದಾ ಹೋಗ್ತಾ ಇರೋಣ, ಕೋಲಾರ ಬರೋವರೆಗೂ.” ಪ್ರೇಮಕ್ಕ ನಗುವಳು, ಇಬ್ಬರೂ ಒಳಗೆ ತಿರುಗುವರು. ಆದರೆ ಕೋಲಾರ ತಮ್ಮಿಬ್ಬರದು ಎಂದು ಪ್ರೇಮಕ್ಕನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು.

ತೊಂಬತ್ತೇಳರ ಜೂನಿನಲ್ಲಿ ವೈಷ್ಣವಿ ಬಂದಳು. ಗದಗಿನ ಕಡೆಯ ಹುಡುಗಿ, ಇಪ್ಪತ್ತಮೂರು ವರ್ಷ, ಕಾಕ್ಸ್ ಟೌನಿನಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದಳು. ಅವಳನ್ನು ಇವರ ಬೆಂಚಿಗೇ ಹಾಕಿದರು. ಒಂದು ತಿಂಗಳೊಳಗೆ ಅವಳೂ ಸೈಕಲ್ ತಂದಳು, ಗೇರ್ ಇರುವ ಹೊಸ ಸೈಕಲ್. ಹಲಸೂರು ಕೆರೆಯ ಮೂಲೆಗೆ ಈಗ ಇಬ್ಬರು ಒಟ್ಟಿಗೆ ಬರತೊಡಗಿದರು, ಬರುವಾಗಲೇ ಯಾವುದೋ ಮಾತಿನ ನಡುವಿನಲ್ಲಿರುತ್ತಿದ್ದರು. ಆ ಮಾತಿನ ಆರಂಭ ಏನಿತ್ತು ಎಂದು ಕೇಳಲು ಪ್ರೇಮಕ್ಕನಿಗೆ ಮನಸ್ಸಾಗುತ್ತಿರಲಿಲ್ಲ. ಹುಡುಗಿ ತಾಹೇರಾಳನ್ನು ಅವರ ಮನೆಮಾತಿನಲ್ಲೇ ‘ಆಪಾ’, ಅಕ್ಕಾ, ಎನ್ನುತ್ತಿದ್ದಳು. ಒಂಬತ್ತು ವರ್ಷದಲ್ಲಿ ಪ್ರೇಮಕ್ಕನಿಗೆ ಹಾಗೆ ಕರೆಯಬೇಕೆಂದು ಹೊಳೆದಿರಲೇ ಇಲ್ಲ. ಪ್ರೇಮಕ್ಕ ಮಾಂಸ ತಿನ್ನುವುದಿಲ್ಲವೆಂದು ತಾಹೇರಾ ಬೇರೆ ಪಾತ್ರೆಯಲ್ಲಿ ಮಾಡಿ ತರುತ್ತಿದ್ದ ಖಿಚಡಿ ಈಗ ಮೂರು ಪಾಲಾಗುತ್ತಿತ್ತು. ವೈಷ್ಣವಿಯೂ ಮಾಂಸ ತಿನ್ನುತ್ತಿರಲಿಲ್ಲವಲ್ಲ. ತಾಹೇರಾ ಹುಡುಗಿಗೆ ಪಂಚರ್ ಹಾಕುವುದು ಕಲಿಸಿದಳು, ಟಿನ್ ಫ್ಯಾಕ್ಟರಿಯ ಕೂಡುರಸ್ತೆಯಲ್ಲಿ ಲಾರಿಗಳ ನಡುವೆ ಹೇಗೆ ನುಸುಳಬೇಕೆಂದು ತೋರಿಸಿದಳು. ಪ್ರೇಮಕ್ಕ ಹಿಂದೆ ಬರುತ್ತ ಇಬ್ಬರ ಬೆನ್ನು ನೋಡುತ್ತಿದ್ದಳು.

ಡಿಸೆಂಬರಿನ ಒಂದು ದಿನ ಊಟದ ಹೊತ್ತಿನಲ್ಲಿ ತಾಹೇರಾ ಹೇಳಿದಳು: “ಈ ಭಾನುವಾರ ಕೋಲಾರಕ್ಕೆ ಹೋಗೋಣ. ತುಳ್ಕೊಂಡು ಹೋಗೋದು, ಬರ್ತಾ ಸೈಕಲ್‌ಗಳನ್ನ ಬಸ್ ಮೇಲೆ ಹಾಕ್ಸಿ ಬರೋದು. ಮೂರು ಜನಾನೂ.”

ಪ್ರೇಮಕ್ಕನಿಗೆ ಮೊದಲ ಮಾತು ಕೇಳಿ ಎದೆ ಹಿಗ್ಗಿತು. ಕೊನೆಯ ಮಾತು ಕೇಳಿ ಬಾಯಲ್ಲಿದ್ದ ತುತ್ತು ಹಾಗೇ ನಿಂತಿತು. “ಆಯ್ತು” ಎಂದಳು.

ಭಾನುವಾರ ಇನ್ನೂ ಮಬ್ಬಿರುವಾಗಲೇ ಹೊರಟರು. ಹೊಸಕೋಟೆಯಲ್ಲಿ ಇಡ್ಲಿ ತಿಂದರು. ತಾಹೇರಾ ಇಡ್ಲಿ ಮುರಿದು ಮೊದಲು ಹುಡುಗಿಯ ತಟ್ಟೆಗೆ ಒಂದು ಚೂರು ಹೆಚ್ಚಿಗೆ ಹಾಕಿದಳು: “ತಿನ್ನು, ಮುಂದೆ ಏರು ಐತೆ.” ಅಷ್ಟಕ್ಕೇ ಪ್ರೇಮಕ್ಕನಿಗೆ ಚಟ್ನಿ ಸಪ್ಪೆಯೆನಿಸಿತು. ನಲವತ್ತಾಗುತ್ತ ಬಂದ ಹೆಂಗಸು, ಒಂದು ಚೂರು ಇಡ್ಲಿಗೆ ಹೊಟ್ಟೆ ಉರಿದುಕೊಳ್ಳುವುದೇ ಎಂದು ತನಗೆ ತಾನೇ ಬೈದುಕೊಂಡಳು. ಬೈದುಕೊಂಡರೂ ಉರಿ ಆರಲಿಲ್ಲ.

ಹೊಸಕೋಟೆ ದಾಟಿ ಐದಾರು ಕಿಲೋಮೀಟರಿಗೆ ರಸ್ತೆ ಬಯಲಾಯಿತು. ಎರಡೂ ಕಡೆ ಹುಣಸೆಮರ, ಆಚೆ ರಾಗಿ ಕೊಯ್ದ ಹೊಲ. ತಾಹೇರಾ ಹುರುಪಿನಲ್ಲಿ ಮುಂದೆ ಹೋಗಿ ಕಣ್ಣಿಗೆ ಮರೆಯಾಗಿದ್ದಳು. ಹಿಂದಿದ್ದ ಪ್ರೇಮಕ್ಕ ಒಂದು ತಿರುವು ದಾಟಿದಾಗ ವೈಷ್ಣವಿ ಸೈಕಲ್ಲನ್ನು ಮರಕ್ಕೆ ಒರಗಿಸಿ ನಿಂತಿದ್ದಳು. ಹಿಂದಿನ ಚಕ್ರ ಪೂರ್ತಿ ಇಳಿದಿತ್ತು.

“ಪ್ರೇಮಕ್ಕ, ಮುಳ್ಳು ಹೊಕ್ಕೈತ್ರಿ. ಪಂಚರ್ ಹಾಕೋ ಸಾಮಾನೆಲ್ಲ ಆಪಾನ ಚೀಲದಾಗ ಐತಿ. ಬರಾಕ ಹೇಳ್ತೀರೇನ್ರಿ? ನಾ ಇಲ್ಲೇ ಇರ್ತೇನಿ.”

“ಹೇಳ್ತೀನಿ” ಎಂದು ಪ್ರೇಮಕ್ಕ ತುಳಿದಳು. ಹೇಳಬೇಕೆಂದೇ ಹೋದಳು, ಅದು ಸುಳ್ಳಲ್ಲ. ಎರಡು ಕಿಲೋಮೀಟರ್ ಮುಂದೆ ತಾಹೇರಾ ಒಂದು ಮೋರಿಯ ಕಟ್ಟೆಯ ಮೇಲೆ ಕೂತಿದ್ದಳು. ಪ್ರೇಮಕ್ಕ ಇನ್ನೂ ಇಳಿದಿರಲಿಲ್ಲ, ಬಂದವಳ ಮುಖವನ್ನೂ ನೋಡದೆ ಅವಳ ಹಿಂದಿನ ರಸ್ತೆ ನೋಡುತ್ತ ತಾಹೇರಾ ಕೇಳಿದಳು, “ವೈಷ್ಣವಿ ಎಲ್ಲಿ?”

ಆ ಒಂದು ನೋಟಕ್ಕೆ ಪ್ರೇಮಕ್ಕನ ನಾಲಗೆ ತಿರುಗಿತು.

“ಅವಳಿಗೆ ಸುಸ್ತಾಯ್ತಂತೆ. ಹೊಸಕೋಟೆಗೆ ವಾಪಸ್ ಹೋಗಿ ಬಸ್ ಹಿಡೀತೀನಿ, ನೀವು ಹೋಗಿ ಅಂದ್ಲು.”

“ನನಗೆ ಒಂದು ಮಾತು ಹೇಳ್ದೇನಾ?”

“ನೀನು ಎಲ್ಲೋ ಮುಂದಿದ್ದೆ. ನೀವೇ ಹೇಳ್ಬಿಡಿ ಅಂದ್ಲು.”

ತಾಹೇರಾ ಸ್ವಲ್ಪ ಹೊತ್ತು ಹಿಂದೆಯೇ ನೋಡಿದಳು. “ಬೆಳಿಗ್ಗೆ ಚೆನ್ನಾಗಿದ್ಲಲ್ಲ. ಹೊಟ್ಟೆ ಗಿಟ್ಟೆ ನೋವೇನೋ” ಎಂದು ಪೆಡಲಿನ ಮೇಲೆ ಕಾಲಿಟ್ಟಳು.

ಮುಂದಿನ ಒಂದು ಗಂಟೆ ಪ್ರೇಮಕ್ಕ ಒಂಬತ್ತು ವರ್ಷದಿಂದ ಕಾದಿದ್ದ ಗಂಟೆ. ಅವರಿಬ್ಬರೇ, ಪಕ್ಕಪಕ್ಕದಲ್ಲಿ, ಕೋಲಾರದ ರಸ್ತೆಯಲ್ಲಿ. ಪ್ರೇಮಕ್ಕ ಹಳೆಯದನ್ನೆಲ್ಲ ಎತ್ತಿದಳು. ಬೈಯಪ್ಪನಹಳ್ಳಿ ಹತ್ತಿರ ಎಮ್ಮೆ ಅಡ್ಡ ಬಂದು ತಾಹೇರಾ ಚರಂಡಿಗೆ ಬಿದ್ದದ್ದು, ಸೂಪರ್‌ವೈಸರ್ ಶ್ರೀರಾಮಪ್ಪನವರ ಟೋಪಿ ಯಂತ್ರಕ್ಕೆ ಸಿಕ್ಕಿಕೊಂಡದ್ದು. ತಾಹೇರಾ ನಗುತ್ತಿದ್ದಳು, ಆದರೆ ನಗು ಬೇಗ ಮುಗಿಯುತ್ತಿತ್ತು. ನಡುವೆ ಎರಡು ಸಲ “ಆ ಹುಡುಗಿಗೆ ಬಸ್ ಸಿಕ್ತೋ ಇಲ್ವೋ” ಎಂದಳು. ಪ್ರತಿ ಸಲವೂ ಪ್ರೇಮಕ್ಕನಿಗೆ ಪೆಡಲು ಭಾರವಾಗುತ್ತಿತ್ತು. ಮರಕ್ಕೆ ಒರಗಿ ನಿಂತ ಹುಡುಗಿ ಕಣ್ಣ ಮುಂದೆ ಬರುತ್ತಿದ್ದಳು. ಯಾವುದಾದರೂ ಟೆಂಪೋ ಹತ್ತಿ ಹೋಗಿರುತ್ತಾಳೆ, ಸಣ್ಣ ಮಗುವೇ ಎಂದು ಪ್ರೇಮಕ್ಕ ಸಮಾಧಾನ ಹೇಳಿಕೊಂಡಳು.

ನರಸಾಪುರದಲ್ಲಿ ಚಹಾ ಕುಡಿಯಲು ನಿಂತರು. ಅಂಗಡಿಯ ಬೆಂಚಿನ ಮೇಲೆ ತಾಹೇರಾ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಆಮೇಲೆ ಹೇಳಿದಳು.

“ಪ್ರೇಮಾ, ಇವತ್ತು ಯಾಕೆ ಹೊರಡ್ಸಿದೆ ಅಂತ ನೀನು ಕೇಳ್ಲೇ ಇಲ್ಲ. ನಾವು ಮನೆ ಖಾಲಿ ಮಾಡಿ ಆಂಬೂರಿಗೆ, ತಮಿಳುನಾಡಿಗೆ ಹೋಗ್ತಾ ಇದೀವಿ. ಮುಕ್ತಾರ್‌ಗೆ ಅಲ್ಲಿ ಅವರ ಸೋದರಮಾವನ ಜೊತೆ ಕೆಲಸ. ಜನವರಿ ಕೊನೇಗೆ ನಾನು ಕೆಲಸ ಬಿಡ್ತೀನಿ.”

ಪ್ರೇಮಕ್ಕನಿಗೆ ತಕ್ಷಣ ಅರ್ಥವಾಗಲಿಲ್ಲ. ತಾಹೇರಾ ಮುಂದುವರಿಸಿದಳು.

“ಟಿನ್ ಫ್ಯಾಕ್ಟರಿ ಹತ್ರ ನೀನು ಇವತ್ತಿಗೂ ಹೆದರ್ತೀಯ, ನಂಗೊತ್ತು. ನನ್ನ ಹಿಂದೆ ಹಿಂದೆ ಬರ್ತೀಯ. ಪಂಚರ್ ಆದ್ರೆ ನಿಂಗೆ ಹಾಕೋಕೆ ಬರಲ್ಲ. ಅದಕ್ಕೇ ಆ ಹುಡುಗೀನ ಸಿದ್ಧ ಮಾಡ್ತಿದ್ದೆ. ಪ್ರೇಮಕ್ಕನ್ನ ಒಬ್ಬಳೇ ಬಿಡ್ಬೇಡ, ಕೆರೆ ಮೂಲೇಲಿ ನಿಂತಿರ್ತಾಳೆ, ಕರ್ಕೊಂಡು ಹೋಗು ಅಂತ ಹೇಳಿದೀನಿ.”

“ಅವಳಿಗೆ ಯಾವಾಗ ಹೇಳ್ದೆ?”

“ದಸರಾ ಮುಂದೆ.”

“ಅಂದ್ರೆ ಮೂರು ತಿಂಗಳಿಂದ ಅವಳಿಗೆ ಗೊತ್ತು. ನಂಗೆ ಗೊತ್ತಿಲ್ಲ.”

“ನಿಂಗೆ ಹೇಳೋಕೆ ಬಾಯಿ ಬರ್ತಿರ್ಲಿಲ್ಲ ಪ್ರೇಮಾ. ದಿನಾ ಹೇಳ್ಬೇಕು ಅಂತ ಬರ್ತಿದ್ದೆ, ನಿನ್ನ ಮುಖ ನೋಡಿ ಆಗ್ತಿರ್ಲಿಲ್ಲ. ಅವಳಿಗಾದ್ರೆ ಸುಲಭ.”

ಇದನ್ನು ಕೇಳಿ ಪ್ರೇಮಕ್ಕನ ಹೊಟ್ಟೆಕಿಚ್ಚು ಕರಗಬೇಕಿತ್ತು. ಕರಗಲಿಲ್ಲ. ತಾಹೇರಾಳ ಜೀವನದ ಅಷ್ಟು ದೊಡ್ಡ ಸುದ್ದಿಯನ್ನು ಬಂದು ಆರು ತಿಂಗಳಾದ ಹುಡುಗಿ ಮೂರು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡು, ತನ್ನೆದುರು ಕೂತು ಖಿಚಡಿ ತಿಂದಿದ್ದಳು. ಅದು ಮೊದಲಿಗಿಂತ ಹೆಚ್ಚು ಸುಟ್ಟಿತು. ಅದರ ಜೊತೆಗೇ ಆ ಹುಡುಗಿ ಹುಣಸೆಮರದ ಕೆಳಗೆ ಒಬ್ಬಳೇ ನಿಂತಿರುವುದು, ನಿಲ್ಲಿಸಿದವಳು ತಾನೆಂಬುದು, ಎದುರಿಗೆ ಬಂದು ನಿಂತಿತು.

“ತಾಹೇರಾ, ಅವಳು ಬಸ್ಸಿಗೆ ಹೋಗಿಲ್ಲ.”

“ಹಾಂ?”

“ಪಂಚರ್ ಆಗಿತ್ತು. ನಿನ್ನ ಕರ್ಕೊಂಡು ಬಾ ಅಂದಿದ್ಲು. ನಾನು ಸುಳ್ಳು ಹೇಳ್ದೆ.”

ತಾಹೇರಾ ಅವಳನ್ನೇ ನೋಡಿದಳು. ಯಾಕೆ ಎಂದು ಕೇಳಲಿಲ್ಲ. ಒಂಬತ್ತು ವರ್ಷದ ಗೆಳತಿಗೆ ಅದು ಕೇಳದೆಯೇ ಗೊತ್ತಾಯಿತೋ ಏನೋ. ಗ್ಲಾಸನ್ನು ಬೆಂಚಿನ ಮೇಲಿಟ್ಟು, ಸೈಕಲ್ಲನ್ನು ಬೆಂಗಳೂರಿನ ಕಡೆಗೆ ತಿರುಗಿಸಿ ಹತ್ತಿಬಿಟ್ಟಳು. ಪ್ರೇಮಕ್ಕ ಅಂಗಡಿಯವನಿಗೆ ಕಾಸು ಕೊಟ್ಟು ಹಿಂದೆಯೇ ಹೊರಟಳು. ಹನ್ನೆರಡು ಕಿಲೋಮೀಟರ್, ಎದುರು ಗಾಳಿ. ತಾಹೇರಾ ಒಂದು ಸಲವೂ ತಿರುಗಿ ನೋಡಲಿಲ್ಲ. ಪ್ರೇಮಕ್ಕನ ತೊಡೆಗಳು ಉರಿದವು, ಉಸಿರು ಕಟ್ಟಿತು, ಆದರೂ ಇಳಿಯಲಿಲ್ಲ.

ಮರದವರೆಗೆ ಹೋಗುವ ಮೊದಲೇ ಹುಡುಗಿ ಸಿಕ್ಕಳು. ಕಾದು ಸಾಕಾಗಿ, ಇವರ ಕಡೆಗೇ ಸೈಕಲ್ ತಳ್ಳಿಕೊಂಡು ಬಿಸಿಲಲ್ಲಿ ಎರಡು ಕಿಲೋಮೀಟರ್ ನಡೆದು, ತಾಹೇರಾ ಕೂತಿದ್ದ ಮೋರಿಯ ಹತ್ತಿರವೇ ಕೂತಿದ್ದಳು. ಪಕ್ಕದಲ್ಲಿ ಒಬ್ಬ ಮುದುಕಿ, ಮುಂದೆ ಸೀಬೆಹಣ್ಣಿನ ಮಂಕರಿ. ಆಮೇಲೆ ತಿಳಿಯಿತು, ಅವಳ ಹೆಸರು ಜಟ್ಟೆಮ್ಮ. ಯಾವುದೋ ಲಾರಿಯವನು ಎರಡು ಸಲ ಸುತ್ತಿ ಬಂದು ಗಾಡಿ ನಿಧಾನ ಮಾಡಿದ್ದನ್ನು ನೋಡಿ, ವ್ಯಾಪಾರ ಬಿಟ್ಟು ಬಂದು ಹುಡುಗಿಯ ಪಕ್ಕ ಕೂತಿದ್ದಳಂತೆ.

“ಈ ಮಗೀನ ಬುಟ್ಟೋದೋರು ನೀವೇನಾ?” ಎಂದಳು ಜಟ್ಟೆಮ್ಮ.

ತಾಹೇರಾ ಬಾಯಿ ತೆರೆಯುವುದರೊಳಗೆ ಪ್ರೇಮಕ್ಕ ಹೇಳಿದಳು, “ನಾನು. ಅವರಿಗೆ ಗೊತ್ತಿರ್ಲಿಲ್ಲ.” ಏದುಸಿರಿನಲ್ಲೇ ಎಲ್ಲ ಹೇಳಿದಳು. ತಾಹೇರಾ ನಿನ್ನ ಮೇಲೆ ಪ್ರೀತಿ ಇಟ್ಟದ್ದು ನನಗೆ ಸಹಿಸಲಾಗಲಿಲ್ಲ ಎಂದೂ ಹೇಳಿದಳು. ಆ ಮಾತು ಹೊರಬಂದಾಗ ಅವಳಿಗೇ ಅದು ಬೇರೆ ಯಾರದೋ ಧ್ವನಿಯಂತೆ ಕೇಳಿಸಿತು.

ವೈಷ್ಣವಿಯ ಕಣ್ಣುಗಳು ಮೊದಲೇ ಕೆಂಪಾಗಿದ್ದವು. “ಎರಡು ತಾಸು ಆತು ಪ್ರೇಮಕ್ಕ” ಎಂದಳು. “ನಿಮಗೇನೋ ಆಗೈತಿ, ಬಿದ್ದೀರಿ ಅಂತ ತಿಳ್ಕೊಂಡು ನಡಕೋತ ಬಂದೆ ನಾ.”

ತಾಹೇರಾ ಚೀಲ ಬಿಚ್ಚಿ ಟಯರ್ ಕಳಚಿದಳು. ಪ್ರೇಮಕ್ಕ ಹತ್ತಿರ ಕೂತು ಟ್ಯೂಬ್ ಹಿಡಿಯಲು ಕೈ ಚಾಚಿದಾಗ ತಾಹೇರಾ, “ಬೇಡ, ವೈಷ್ಣವಿ ಹಿಡ್ಕೋತಾಳೆ” ಎಂದಳು. ಪ್ರೇಮಕ್ಕ ಎದ್ದು ಹೋಗಿ ಜಟ್ಟೆಮ್ಮನ ಬಳಿ ನಿಂತಳು. ಮುದುಕಿ ಅವಳಿಗೆ ಒಂದು ಸೀಬೆಹಣ್ಣು ಕೊಟ್ಟಳು. ಪ್ರೇಮಕ್ಕ ಅದನ್ನು ತಿನ್ನಲಾರದೆ ಕೈಯಲ್ಲಿ ಹಿಡಿದೇ ನಿಂತಳು.

ಟಯರ್ ಸರಿಯಾದಾಗ ಮಧ್ಯಾಹ್ನವಾಗಿತ್ತು. ತಾಹೇರಾ ವಾಪಸ್ ಹೋಗೋಣವೆಂದಳು. ವೈಷ್ಣವಿ ಒಪ್ಪಲಿಲ್ಲ. “ನಾ ಕೋಲಾರ ನೋಡಾಕ ಬಂದೇನಿ. ನೋಡೇ ಹೋಗ್ತೇನಿ.” ಹಾಗಾಗಿ ಮೂವರೂ ಹೋದರು. ನರಸಾಪುರದ ಚಹಾ ಅಂಗಡಿ ಎರಡನೆಯ ಸಲ ಬಂದಾಗ ಯಾರೂ ನಿಲ್ಲಲಿಲ್ಲ. ಸಂಜೆ ನಾಲ್ಕೂವರೆಗೆ ಕೋಲಾರದ ಬೆಟ್ಟ ಕಂಡಿತು, ಬಿಸಿಲು ಬಿದ್ದು ಕೆಂಪಗೆ. ಅಂತರಗಂಗೆಗೆ ಹತ್ತುವ ಶಕ್ತಿ ಯಾರಿಗೂ ಇರಲಿಲ್ಲ. ಬಸ್ ನಿಲ್ದಾಣದಲ್ಲಿ ಸೈಕಲ್‌ಗಳನ್ನು ಮೇಲೇರಿಸಿ ಕೂತರು. ತಾಹೇರಾ ಮತ್ತು ವೈಷ್ಣವಿ ಒಂದು ಸೀಟಿನಲ್ಲಿ, ಪ್ರೇಮಕ್ಕ ಹಿಂದಿನದರಲ್ಲಿ. ಟಿನ್ ಫ್ಯಾಕ್ಟರಿ ಬರುವ ಹೊತ್ತಿಗೆ ತಾಹೇರಾ ತಿರುಗಿ ಕೈಯನ್ನು ಸೀಟಿನ ಕಂಬಿಯ ಮೇಲಿಟ್ಟಳು. ಪ್ರೇಮಕ್ಕ ಆ ಕೈ ಹಿಡಿದಳು. ತಾಹೇರಾ ಬಿಡಿಸಿಕೊಳ್ಳಲಿಲ್ಲ.

“ತಪ್ಪು ನಂದೂ ಐತೆ” ಎಂದಳು. “ನಿಂಗೇ ಮೊದಲು ಹೇಳ್ಬೇಕಿತ್ತು.”

ಜನವರಿಯ ಕೊನೆಗೆ ತಾಹೇರಾ ಆಂಬೂರಿಗೆ ಹೋದಳು. ಫೆಬ್ರವರಿಯಿಡೀ ಪ್ರೇಮಕ್ಕ ಒಬ್ಬಳೇ ತುಳಿದಳು. ಲಾರಿಗಳ ನಡುವೆ ಬಂದಾಗಲೆಲ್ಲ ಇಳಿದು ತಳ್ಳಿಕೊಂಡು ಹೋಗುತ್ತಿದ್ದಳು. ವೈಷ್ಣವಿ ಬೇರೆ ದಾರಿಯಲ್ಲಿ, ಬಾಣಸವಾಡಿಯ ಮೇಲೆ ಹೋಗುತ್ತಿದ್ದಳು. ಬೆಂಚಿನಲ್ಲಿ ಕೆಲಸದ ಮಾತು ಬಿಟ್ಟು ಬೇರೆ ಮಾತಿರಲಿಲ್ಲ. ಪ್ರೇಮಕ್ಕ ಎರಡನೆಯ ಸಲ ಕ್ಷಮೆ ಕೇಳಲಿಲ್ಲ. ಬದಲಿಗೆ ಶಿವಾಜಿನಗರದ ಒಂದು ಸೈಕಲ್ ಅಂಗಡಿಯಲ್ಲಿ ಎರಡು ಭಾನುವಾರ ಕೂತು ಪಂಚರ್ ಹಾಕುವುದು ಕಲಿತಳು.

ಮಾರ್ಚಿನ ಒಂದು ಬೆಳಿಗ್ಗೆ ಕೆರೆಯ ಮೂಲೆಯಲ್ಲಿ ವೈಷ್ಣವಿ ನಿಂತಿದ್ದಳು.

“ಆಪಾಗೆ ಮಾತು ಕೊಟ್ಟೇನಿ, ಅದಕ್ಕ ಬಂದೇನಿ” ಎಂದಳು. “ನೀವು ಮಾಡಿದ್ದನ್ನ ನಾ ಮರ್ತಿಲ್ಲ.”

“ಮರೀಬೇಡ” ಎಂದಳು ಪ್ರೇಮಕ್ಕ. ಇಬ್ಬರೂ ಹೊರಟರು.

ಮೊದಲ ವಾರ ಮಾತಿಲ್ಲ. ಎರಡನೆಯ ವಾರ ಬಿಸಿಲಿನ ಬಗ್ಗೆ. ಏಪ್ರಿಲಿನಲ್ಲಿ ವೈಷ್ಣವಿ, ತನಗೆ ಆಂಬೂರಿನಿಂದ ಕಾಗದ ಬಂದಿದೆಯೆಂದು ಹೇಳಿದಳು. ಪ್ರೇಮಕ್ಕನಿಗೂ ಬಂದಿತ್ತು. ನಾಲ್ಕು ಪುಟ.

“ನಿಂಗೆ ಎಷ್ಟು ಪುಟ?” ಎಂದು ಕೇಳಿಯೇಬಿಟ್ಟಳು.

ವೈಷ್ಣವಿ ಅವಳ ಕಡೆ ನೋಡಿ, ಕೋಲಾರದ ದಿನದ ನಂತರ ಮೊದಲ ಸಲ ನಕ್ಕಳು. “ಹೇಳಂಗಿಲ್ರಿ” ಎಂದು ಬೇಗ ಬೇಗ ತುಳಿದು ಮುಂದೆ ಹೋದಳು.